ಕೆಳಮಹಡಿಯ ಸೇನಾಪತಿ

ಮ್ಯೂನಿಕ್‌ನಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗಿನ ಮಹಡಿಯಲ್ಲಿ ಒಬ್ಬ ರೋಮನ್ ಸೇನಾಪತಿ ಇದ್ದಾನೆ. ವಾರದ ದಿನಗಳಲ್ಲಿ ಅವನು ನಿವೃತ್ತ ಸರ್ವೇಯರ್. ಬೇಸಿಗೆಯ ಕೆಲವು ಭಾನುವಾರ ಮಾತ್ರ ಕೆಂಪು ಮೇಲುಹೊದಿಕೆ, ಎದೆಕವಚ, ಚರ್ಮದ ಪಟ್ಟಿಯ ಚಪ್ಪಲಿ ತೊಟ್ಟು ಕೆಲ್ಟ್ ಬುಡಕಟ್ಟುಗಳನ್ನು ಸೋಲಿಸುತ್ತಾನೆ. ಉಳಿದ ಭಾನುವಾರಗಳಲ್ಲಿ ನಮ್ಮನ್ನು ಸೋಲಿಸಲು ನೋಡುತ್ತಾನೆ.

ಜಗಳ ಹುಟ್ಟಿದ್ದು ಮಿಕ್ಸಿಯಿಂದ. ಇಲ್ಲಿ ಭಾನುವಾರ ಮನೆಯಲ್ಲಿ ಸದ್ದು ಮಾಡಬಾರದು, ಅದಕ್ಕೆ ರೂಹೆಝೈಟ್ ಎನ್ನುತ್ತಾರೆ. ನಮಗೂ ಗೊತ್ತಿತ್ತು. ಆದರೆ ಭಾನುವಾರದ ದೋಸೆಗೆ ಚಟ್ನಿ ಬೇಡವೇ? ನನ್ನ ಹೆಂಡತಿ ಮಿಕ್ಸಿಯ ಕೆಳಗೆ ಟವೆಲ್ ಮಡಿಸಿಟ್ಟು, ಮೇಲೊಂದು ಕಂಬಳಿ ಹೊದಿಸಿ, ಇಪ್ಪತ್ತು ಎಣಿಸುವಷ್ಟರಲ್ಲಿ ರುಬ್ಬಿ ಮುಗಿಸುತ್ತಿದ್ದಳು. ಅಷ್ಟಕ್ಕೇ ಬಾಗಿಲ ಸಂದಿಯಲ್ಲಿ ಚೀಟಿ ಬರುತ್ತಿತ್ತು. ಮುದ್ದಾದ ಅಕ್ಷರ, ಸ್ಕೇಲ್ ಇಟ್ಟು ಎಳೆದ ಗೆರೆ. ಬೆಳಿಗ್ಗೆ ಇಷ್ಟು ಗಂಟೆಗೆ ಯಂತ್ರದ ಸದ್ದು ಕೇಳಿಬಂತು, ನಿಯಮಗಳ ಪ್ರತಿ ಲಗತ್ತಿಸಿದೆ. ಆಮೇಲೆ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗೊಂದು ಚೀಟಿ, ಹೊಸ್ತಿಲಿಗೆ ಅಂಟಿಸಿದ ರಂಗೋಲಿ ಸ್ಟಿಕ್ಕರಿಗೊಂದು ಚೀಟಿ, ತೆಂಗಿನ ಚಿಪ್ಪನ್ನು ತಪ್ಪು ಡಬ್ಬಿಗೆ ಹಾಕಿದ್ದಕ್ಕೆ ಫೋಟೊ ಸಮೇತ ಇನ್ನೊಂದು. ಮೆಟ್ಟಿಲಲ್ಲಿ ಎದುರಾದರೆ ನನ್ನ ಭುಜದಾಚೆಯ ಗೋಡೆಗೆ ನಮಸ್ಕಾರ ಹೇಳಿ ಇಳಿದುಹೋಗುತ್ತಿದ್ದ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೈಸೂರಿನಲ್ಲಾಗಿದ್ದರೆ ಎರಡನೇ ಚೀಟಿಗೇ ಕೆಳಗಿಳಿದು ಹೋಗಿ ಬಾಯಿಗೆ ಬಂದಂತೆ ಬೈದು, ಮಾರನೆಯ ವಾರ ರಾಜಿಯಾಗಿ ಕಾಫಿ ಕುಡಿದು ಬರುತ್ತಿದ್ದೆ. ಜರ್ಮನ್ ಭಾಷೆಯಲ್ಲಿ ಬೈಯುವಷ್ಟು ನನಗೆ ಸಲೀಸಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಸಿಟ್ಟು ವ್ಯಾಕರಣದ ಪರೀಕ್ಷೆಯಾಗಿಬಿಡುತ್ತದೆ. ಮನೆ ಬದಲಿಸೋಣವೆಂದರೆ ಈ ಊರಿನಲ್ಲಿ ಇನ್ನೊಂದು ಮನೆ ಸಿಗುವುದು ಸುಲಭವಲ್ಲ. ಹೀಗಾಗಿ ನುಂಗಿಕೊಂಡು ಇದ್ದೆ, ಮತ್ತು ಆ ಮನುಷ್ಯನನ್ನು ಮನಸಾರೆ ದ್ವೇಷಿಸುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮೆಟ್ಟಿಲ ಬಳಿಯ ನೋಟಿಸ್ ಬೋರ್ಡಿನಲ್ಲಿ ಅವನದೇ ಫೋಟೊ ಇರುವ ಪೋಸ್ಟರ್ ಕಂಡೆ. ಇತಿಹಾಸದ ಹುಚ್ಚಿರುವವರ ಸಂಘವೊಂದು ರೋಮನ್ನರ ಮತ್ತು ಅವರಿಗಿಂತ ಮೊದಲು ಇಲ್ಲಿದ್ದ ಕೆಲ್ಟರ ಯುದ್ಧವನ್ನು ಬಯಲಿನಲ್ಲಿ ಆಡಿ ತೋರಿಸುತ್ತದೆ, ನಮ್ಮ ಕೆಳಮಹಡಿಯವನು ಅದರ ಅಧ್ಯಕ್ಷ. ಕುತೂಹಲಕ್ಕೆ ಹೋದೆವು. ರೈಲಿನಲ್ಲಿ ಒಂದು ಗಂಟೆಯ ದಾರಿ. ಹಳೆಯ ಕೆಲ್ಟ್ ಊರಿನ ಕೋಟೆಯ ಮಣ್ಣುದಿಬ್ಬ, ಅದರ ಮುಂದೆ ಹುಲ್ಲುಗಾವಲು, ಹಗ್ಗದಾಚೆ ಸಾಸೇಜು ತಿನ್ನುತ್ತ ಕೂತ ಜನ. ಮೈಕಿನಲ್ಲಿ ಒಬ್ಬಳು ಕಥೆ ಹೇಳುತ್ತಿದ್ದಳು. ಆಲ್ಪ್ಸ್ ದಾಟಿ ಬಂದ ರೋಮನ್ ಸೈನ್ಯ ಇಲ್ಲಿನ ಬುಡಕಟ್ಟುಗಳನ್ನು ಒಂದೇ ಬೇಸಿಗೆಯಲ್ಲಿ ಬಗ್ಗುಬಡಿಯಿತಂತೆ. ಕೊನೆಯ ದೃಶ್ಯವನ್ನು ಮಾತ್ರ ಗಾಲ್ ಎಂಬ ಇನ್ನೊಂದು ಕೆಲ್ಟ್ ನಾಡಿನ ಇನ್ನೂ ಹಳೆಯ ಯುದ್ಧದಿಂದ ತಂದಿದ್ದರು. ಸೋತ ಕೆಲ್ಟ್ ರಾಜ ಒಬ್ಬನೇ ನಡೆದು ಬಂದು ಸೇನಾಪತಿಯ ಕಾಲ ಬಳಿ ಆಯುಧ ಇಡುತ್ತಾನೆ. ಸೇನಾಪತಿ ಅದರ ಮೇಲೆ ಕಾಲಿಟ್ಟು ನಿಲ್ಲುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ನಿಜವಾದ ಆ ರಾಜನನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟು, ರೋಮಿನ ಬೀದಿಯಲ್ಲಿ ಮೆರವಣಿಗೆ ಮಾಡಿ ಕೊಂದರು ಎಂಬುದನ್ನು ನಾನು ಮನೆಗೆ ಬಂದಮೇಲೆ ಓದಿ ತಿಳಿದೆ. ಕೆಲ್ಟರು ತಮ್ಮ ಯುದ್ಧಗಳ ಬಗ್ಗೆ ಏನೂ ಬರೆದಿಡಲಿಲ್ಲವಂತೆ. ನಮಗೆ ಗೊತ್ತಿರುವುದೆಲ್ಲ ಗೆದ್ದವರ ಕಡೆಯವರು ಬರೆದದ್ದು.

ವಾಪಸು ಬರುವ ರೈಲಿನಲ್ಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಕೆಲ್ಟರ ಕಡೆ ಸೇರಬೇಕು. ಮೊಂಡು ಕತ್ತಿಯಾದರೂ ಸರಿ, ನಿಯಮದ ಪ್ರಕಾರವೇ ಆ ಮನುಷ್ಯನ ಗುರಾಣಿಗೆ ಬಾರಿಸಿ, ಅಷ್ಟು ಜನರೆದುರು ಅವನು ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನೋಡಬೇಕು. ಅಷ್ಟೇ ಬೇಕಾಗಿದ್ದುದು.

"ನಿಮ್ಗೆ ತಲೆ ಕೆಟ್ಟಿದ್ಯೇನ್ರೀ? ಈ ವಯಸ್ಸಲ್ಲಿ ಕತ್ತಿ ಹಿಡ್ಕೊಂಡು ಕುಣೀತೀರಾ?" ಎಂದಳು ಹೆಂಡತಿ.

"ಒಂದೇ ಒಂದು ಹೆಜ್ಜೆ ಕಣೇ. ಆಮೇಲೆ ಬಿಟ್‌ಬಿಡ್ತೀನಿ."

ಸಂಘದ ಬಾಗಿಲಲ್ಲೇ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮಗೆ ಸಿರಿಯಾದ ಬಿಲ್ಲುಗಾರನ ಪಾತ್ರ ಒಪ್ಪುತ್ತದೆ. ರೋಮನ್ ಸೈನ್ಯದಲ್ಲಿ ಅಂಥವರು ಇದ್ದರು," ಎಂದ. ನನ್ನ ಬಣ್ಣದ ಕೆಲ್ಟ್ ಇರಲಿಲ್ಲ ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೆಲ್ಟ್ ಆದರೆ ಮಾತ್ರ ಸೇರುತ್ತೇನೆಂದು ಹಟ ಹಿಡಿದೆ. ಚಂದಾ ಕೊಡುವವನನ್ನು ಬೇಡವೆನ್ನಲು ಅವರ ನಿಯಮದಲ್ಲಿ ಕಾರಣವಿರಲಿಲ್ಲ.

ಆ ಸಂಘದಲ್ಲಿ ಎಲ್ಲಕ್ಕೂ ತಪಾಸಣೆ. ಕನ್ನಡಕ ಇರಬಾರದು, ಕೈಗಡಿಯಾರದ ಗುರುತೂ ಕಾಣಬಾರದು. ಅವನು ನನ್ನ ಮೇಲುಹೊದಿಕೆಯ ಅಂಚನ್ನು ಬೆರಳಿನಿಂದ ಸವರಿ, "ಇದು ಹೊಲಿಗೆ ಯಂತ್ರದ್ದು," ಎಂದ. ಬಿಚ್ಚಿಸಿದ. ಒಂದಿಡೀ ಚಳಿಗಾಲ ಕೈಯಲ್ಲಿ ಹೊಲಿದೆ. ಷರಾಯಿಯ ಚೌಕಳಿ ತೋರಿಸಿದರೆ, "ಆಧಾರ ಏನು?" ಎಂದ. ಬೆಲ್ಟಿನ ಕೊಂಡಿ ತೋರಿಸಿದರೆ ಅದಕ್ಕೂ ಆಧಾರ ಏನು. ಯಾವ ಅಗೆತದಲ್ಲಿ ಸಿಕ್ಕಿದ್ದು, ಯಾವ ಪುಸ್ತಕದಲ್ಲಿದೆ, ಎಷ್ಟನೇ ಪುಟ ಎಂದು ಹೇಳದೆ ಅವನೆದುರು ಒಂದು ಗುಂಡಿಯನ್ನೂ ಹಾಕಿಕೊಳ್ಳುವಂತಿರಲಿಲ್ಲ.

ಸೇರಿದ ವಾರವೇ ನಾನು ಸ್ವಂತಕ್ಕೊಂದು ಕತ್ತಿ ತರಿಸಿದ್ದೆ. ಅದೇ ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹೆಂಡತಿ ಎರಡು ಲ್ಯಾಪ್‌ಟಾಪ್, ಸೈಕಲ್ ಕೀ, ಜಗಳದ ಮೂಲವಾದ ಮಿಕ್ಸಿ, ಇವುಗಳ ಪಕ್ಕದಲ್ಲಿ ಕತ್ತಿಯನ್ನೂ ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. "ಈ ಸಲ ನಿಜವಾದ ಆಯುಧ ಸಿಕ್ತು," ಎಂದು ನಕ್ಕಳು. ಹಿಡಿಯ ಸಂದಿಯಲ್ಲಿ ಸ್ವಲ್ಪ ಕುಂಕುಮ ಹಾಗೇ ಉಳಿಯಿತು. ತಪಾಸಣೆಯಲ್ಲಿ ಅವನು ಅದನ್ನು ನೋಡಿ, "ತುಕ್ಕು, ಉಜ್ಜಿ ತೆಗೆಯಿರಿ," ಎಂದ. ನಾನು ಹೂಂ ಎಂದೆ, ತೆಗೆಯಲಿಲ್ಲ.

ಮುಂದಿನ ಬೇಸಿಗೆಯ ಯುದ್ಧದಾಟಕ್ಕೆ ಮೂರು ವಾರ ಇರುವಾಗ ರಾಜನ ಪಾತ್ರ ಮಾಡುವವನಿಗೆ ಸೊಂಟದ ಆಪರೇಷನ್ ಆಯಿತು. ಉಳಿದ ಕೆಲ್ಟರಿಗೆ ಹೊಡೆದಾಟ ಬೇಕು, ರಾಜನಿಗೆ ಹೊಡೆದಾಟವಿಲ್ಲ. ಯಾರೂ ಒಪ್ಪಲಿಲ್ಲ. ಅಧ್ಯಕ್ಷ ನನ್ನ ಕಡೆ ಬೆರಳು ತೋರಿಸಿದ.

"ನೀವು ಮಾಡಿ. ಶಿರಸ್ತ್ರಾಣ ಇರುತ್ತದೆ, ಮುಖ ಕಾಣುವುದಿಲ್ಲ."

ಅವನಿಗೆ ಎಲ್ಲವೂ ಗೊತ್ತಿತ್ತು ಎಂದೇ ನನ್ನ ಅನುಮಾನ. ನನ್ನ ಕತ್ತಿ ಅವನ ಗುರಾಣಿಗೆ ತಾಗದಂತೆಯೂ ಆಯಿತು, ನಾನೇ ಅದನ್ನು ತಂದು ಅವನ ಕಾಲ ಬಳಿ ಇಡುವಂತೆಯೂ ಆಯಿತು. ಆಗುವುದಿಲ್ಲ ಎಂದರೆ ಹೆದರಿದ ಹಾಗೆ. ಹಲ್ಲು ಕಚ್ಚಿ ಒಪ್ಪಿಕೊಂಡೆ. ಬಾಗುವುದಿಲ್ಲ, ಕತ್ತಿಯನ್ನು ಇಡುವುದಿಲ್ಲ, ನಿಂತಲ್ಲಿಂದಲೇ ಎಸೆದು ಬೆನ್ನು ತಿರುಗಿಸಿ ನಡೆದುಬಿಡುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಆ ದಿನ ಸೆಕೆ ವಿಪರೀತವಿತ್ತು. ನನ್ನ ಕಡೆಯವರು ಒಬ್ಬೊಬ್ಬರಾಗಿ ಹುಲ್ಲಿನ ಮೇಲೆ ಸತ್ತು ಮಲಗಿ, ಒಂದು ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದರು. ತಮಟೆಯಂಥದೇನೋ ಬಡಿದರು. ನಾನು ನಡೆದೆ. ಅವನು ಗದ್ದವೆತ್ತಿ ಕಾಯುತ್ತಿದ್ದ, ಇಲ್ಲೂ ನನ್ನ ಭುಜದಾಚೆಗೇ ನೋಡುತ್ತ. ಐದು ಹೆಜ್ಜೆ ದೂರದಲ್ಲೇ ನಿಂತು ಕತ್ತಿ ಎಸೆದೆ. ಅದು ಅವನ ಮುಂದೆ ಬಿತ್ತು. ಬೆನ್ನು ತಿರುಗಿಸಬೇಕು, ಅಷ್ಟರಲ್ಲಿ ಅವನು ಚಪ್ಪಲಿಗಾಲನ್ನು ಎತ್ತಿ ಕತ್ತಿಯ ಮೇಲಿಟ್ಟ. ಸರಿಯಾಗಿ ಹಿಡಿಯ ಮೇಲೆ, ಕುಂಕುಮ ಇದ್ದ ಜಾಗದಲ್ಲಿ.

ಆ ದೃಶ್ಯ ಹಾಗೇ ಎಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಕಣ್ಣಾರೆ ನೋಡಿದ್ದೆ. ಆದರೂ ಮೈಯೆಲ್ಲ ಉರಿದುಹೋಯಿತು. ಪುಸ್ತಕಕ್ಕೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಂಡು ಬೆಳೆದವನು ನಾನು. ಪೂಜೆ ಮಾಡಿದ ಆಯುಧದ ಮೇಲೆ ಚಪ್ಪಲಿ ಇಟ್ಟು ನಿಂತಿದ್ದಾನೆ! ಮೂರು ವರ್ಷದ ಚೀಟಿಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು.

"ಕಾಲು ತೆಗೀರೀ!" ಎಂದು ಕೂಗಿದೆ. ಅವನು ಅಲುಗಲಿಲ್ಲ. "ಕಾಲ್ ತೆಗಿಯೋ, ಲೋ! ತುಳೀತೀಯಾ ಅದನ್ನ?"

ಎಷ್ಟು ಜೋರಾಗಿ ಕೂಗಿದ್ದೆನೆಂದರೆ ತಮಟೆ ನಿಂತಿತು. ನನ್ನ ಕನ್ನಡ ಅವನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಕ್ಕಿಲ್ಲ. ಆದರೆ ಮೊದಲ ಸಲ ನನ್ನ ಕಣ್ಣನ್ನೇ ನೋಡಿದ. ಕಾಲು ತೆಗೆದ. ಹಿಂದಕ್ಕೆ ಸರಿದ, ಒಂದಲ್ಲ ಎರಡು ಹೆಜ್ಜೆ.

ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ನನ್ನ ಕೈಕಾಲು ನನ್ನ ಮಾತು ಕೇಳಲಿಲ್ಲ. ಮುಂದೆ ಹೋಗಿ, ಬಗ್ಗಿ, ಶಿರಸ್ತ್ರಾಣ ತೆಗೆದು, ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡೆ. ಅದೂ ಅವನ ಕಾಲ ಮುಂದೆಯೇ. ಮೈಕಿನವಳು ತಡವರಿಸಿ, ಸೋತ ರಾಜ ತಲೆಬಾಗಿ ಕ್ಷಮೆ ಬೇಡುತ್ತಿದ್ದಾನೆ ಎಂದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೆಂಡತಿ ಫೋನಿನಲ್ಲಿ ಎಲ್ಲವನ್ನೂ ತೆಗೆದಿದ್ದಳು. ರೈಲಿನಲ್ಲಿ ನೋಡಿದೆವು. ಅವನು ಹಿಂದೆ ಸರಿಯುವಾಗ ಮುಂದಿನ ಸಾಲಿನ ಯಾರದೋ ಛತ್ರಿ ಅಡ್ಡ ಬಂದಿತ್ತು. ನಾನು ಬಗ್ಗಿದ್ದು ಮಾತ್ರ ಸ್ಪಷ್ಟವಾಗಿತ್ತು.

"ಬಗ್ಗಿಬಿಟ್ರಲ್ರೀ ಅವನ ಮುಂದೆ," ಎಂದಳು.

"ಅವನಿಗಲ್ಲ ಕಣೇ, ಕತ್ತಿಗೆ."

"ನಂಗೊತ್ತು. ನೋಡಿದೋರಿಗೆ ಗೊತ್ತಾಗ್ಬೇಕಲ್ಲ."

ವಾರದೊಳಗೆ ಬಾಗಿಲ ಸಂದಿಯಲ್ಲಿ ಪತ್ರ ಬಂತು. ಅದೇ ಮುದ್ದಾದ ಅಕ್ಷರ. ಆಟದ ಕ್ರಮ ಮೀರಿ, ಆಧಾರವಿಲ್ಲದ ಭಾಷೆಯಲ್ಲಿ ಕೂಗಾಡಿದ್ದಕ್ಕೆ ಸಂಘದಿಂದ ನನ್ನನ್ನು ತೆಗೆಯಲಾಗಿದೆ. ನಾನು ಹರಿದು ಹಾಕಿದೆ, ಕಾಗದದ ಡಬ್ಬಿಗೇ ಹಾಕಿದೆ.

ಮರುವರ್ಷ ಹೋಗಬಾರದು ಎಂದುಕೊಂಡೂ ಹೋದೆ. ಸೊಂಟ ಸರಿಯಾದ ಹಳೆಯ ರಾಜ ಬಂದು ಕತ್ತಿ ಇಟ್ಟ. ಸೇನಾಪತಿ ಕಾಲೆತ್ತಿದ. ಗಾಳಿಯಲ್ಲಿ ಒಂದು ಕ್ಷಣ ಹಿಡಿದ. ಆಮೇಲೆ ಅದನ್ನು ಕತ್ತಿಯ ಪಕ್ಕದ ಹುಲ್ಲಿನ ಮೇಲಿಟ್ಟು, ಕತ್ತಿಯನ್ನು ತಾನೇ ಎತ್ತಿ ರಾಜನಿಗೆ ಕೊಟ್ಟ. ಇವನಿಗೆ ಅರ್ಥವಾಗಿತ್ತೇ ಎಂದುಕೊಂಡೆ. ಒಂದು ನಿಮಿಷದ ಮಟ್ಟಿಗೆ ಆ ಮನುಷ್ಯನ ಮೇಲಿನ ದ್ವೇಷವೇ ಹೋಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಷ್ಟರಲ್ಲಿ ಮೈಕಿನವಳು ಓದಿದಳು: ಕೆಲ್ಟರು ಕತ್ತಿಯಲ್ಲಿ ದೇವರಿದೆ ಎಂದು ನಂಬಿದ್ದರು, ಇದನ್ನರಿತ ರೋಮನ್ ಸೇನಾಪತಿ ವಿಶಾಲ ಹೃದಯದಿಂದ ಅದನ್ನು ತುಳಿಯದೆ ಬಿಟ್ಟ. ಟಿಕೆಟ್ಟಿನ ಜೊತೆ ಕೊಟ್ಟ ಪುಸ್ತಿಕೆಯಲ್ಲೂ ಅದೇ ಅಚ್ಚಾಗಿತ್ತು, ಕೆಳಗೆ ಅವನ ಹೆಸರು.

ಸೋಮವಾರ ಮೆಟ್ಟಿಲಲ್ಲಿ ಅಡ್ಡ ನಿಂತು ಪುಸ್ತಿಕೆಯನ್ನು ಅವನ ಮುಂದೆ ಹಿಡಿದೆ. "ಇದಕ್ಕೆ ಆಧಾರ ಏನು?" ಎಂದು ಕೇಳಿದೆ. ಈ ವಾಕ್ಯ ಮಾತ್ರ ನನಗೆ ಜರ್ಮನ್‌ನಲ್ಲಿ ಚೆನ್ನಾಗಿ ಬರುತ್ತದೆ, ಅವನಿಂದಲೇ ಕಲಿತದ್ದು.

"ಅದು ಎಲ್ಲರಿಗೂ ಗೊತ್ತಿರುವ ವಿಷಯ," ಎಂದು ನನ್ನ ಭುಜದಾಚೆಯ ಗೋಡೆಗೆ ಹೇಳಿ ಅವನು ಬಾಗಿಲು ಹಾಕಿಕೊಂಡ.

ಅವನ ಪುಸ್ತಿಕೆ ಅಚ್ಚಾಗಿದೆ, ಮುಂದಿನ ವರ್ಷವೂ ಅಚ್ಚಾಗುತ್ತದೆ. ಸೋತ ರಾಜನ ಕಡೆಯಿಂದ ಇದೊಂದೇ ಇರುವುದು, ಅದಕ್ಕೇ ಬರೆದಿಡುತ್ತಿದ್ದೇನೆ. ಅವನ ಕಾಲು ಕತ್ತಿಯ ಮೇಲಿತ್ತು. ತೆಗೆ ಎಂದು ಕೂಗಿದವನು ನಾನು. ಅವನು ಹೆದರಿ ತೆಗೆದ.