ಊಟದ ನಂತರದ ಕಾಶೀಬಾಯಿ

ರಾಣೆಬೆನ್ನೂರಿನ ಕಾಶೀಬಾಯಿಯವರಿಗೆ ಅರವತ್ತೆಂಟರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆಗಿಂತ ಅದರ ವ್ಯಾಯಾಮವೇ ದೊಡ್ಡ ಒಗಟಾಗಿತ್ತು. ಊಟವಾದ ಮೇಲೆ ಕುರ್ಚಿಯಿಂದ ಹದಿನೈದು ಸಲ ಎದ್ದು ಕೂತು, ಆಮೇಲೆ ಮನೆಯೊಳಗೇ ಅಡ್ಡಾಡಬೇಕೆಂದು ಡಾಕ್ಟರು ಹೇಳಿದ್ದರು. ಎಂಟನೆಯ ಸಲಕ್ಕೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ಮರಳಿ ಬಂದವರು, "ಎಂಟಾತೋ, ಹನ್ನೆರಡಾತೋ?" ಎಂದು ತಬ್ಬಿಬ್ಬಾಗಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದರು. ಹಲಗೇರಿಯ ನೆಂಟರ ಮನೆಯಲ್ಲಿ ಹೋಳಿಗೆ ತಿಂದು ಬಂದರೆ ಬೆರಳು ಚುಚ್ಚಿ ನೋಡುವ ಮಷೀನಿನಲ್ಲಿ ಸಕ್ಕರೆ ಸುಮ್ಮನಿರುತ್ತಿತ್ತು, ಏಕಾದಶಿಯ ಉಪವಾಸಕ್ಕೆ ಏರಿ ಕೂಡುತ್ತಿತ್ತು. "ಈ ಮಷೀನಿಗೂ ನನ್ನಂಗ ಮರವು ಬಂದದ" ಎಂದು ಸೊಸೆ ನಂದಿತಾಳ ಮುಂದೆ ದೂರುತ್ತಿದ್ದರು. ಅಡ್ಡಾಡುವಾಗ ಒಂದು ಚಪ್ಪಲಿ ಎಲ್ಲೋ ಕಳಚಿ ಉಳಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಮನೆಯವರು ನಗುತ್ತಿದ್ದರು, ಅವರೂ ನಗುತ್ತಿದ್ದರು. ಮೊನ್ನೆ ಪಡಸಾಲೆಯ ತುಂಬ ರಕ್ತದ ಹೆಜ್ಜೆಗಳನ್ನು ಕಂಡು ನಂದಿತಾ ಓಡಿ ಬಂದಳು. ಅತ್ತೆಯ ಬರಿಗಾಲಿನ ಹಿಮ್ಮಡಿಯಲ್ಲಿ ಗಾಜಿನ ಚೂರು ನಾಟಿತ್ತು. ಅವರು ಮಾತ್ರ ನೆಮ್ಮದಿಯಿಂದ ನಡೆದೇ ಇದ್ದರು. ಅವರನ್ನು ಕೂರಿಸಿ, ಚೂರು ಕಿತ್ತು, ಪಾದವನ್ನು ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿದು, "ಅತ್ಯಾ, ನೋವಾಗಲಿಲ್ಲೇನ್ರಿ? ನಾ ಹಿಡದದ್ದಾದ್ರೂ ಗೊತ್ತಾಗ್ತದೋ ಇಲ್ಲೋ?" ಎಂದಳು. ಕಾಶೀಬಾಯಿ ಕಣ್ಣು ಮುಚ್ಚಿ ಆ ಹಿಡಿತವನ್ನು ಬಹಳ ಹೊತ್ತು ಹುಡುಕಿದರು. ಕೊನೆಗೆ ಮೆಲ್ಲಗೆ ಕೇಳಿದರು: "ಯಾವ ಕಾಲು ಹಿಡದೀ, ನಂದಿತಾ?"