ಬಾಯಮ್ಮ ಅರ್ಧಕ್ಕೆ ಎದ್ದು ಬಂದ ಸಿನಿಮಾ

ಬಾಯಮ್ಮನ ಬಲ ಮುಂಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ಹಲ್ಲಿನ ಗುರುತಿತ್ತು. ಅರ್ಧಚಂದ್ರದ ಹಾಗೆ ಏಳು ಬಿಳಿ ಚುಕ್ಕೆ. ಚಿಕ್ಕಂದಿನಲ್ಲಿ, ಅವರು ನನ್ನ ತಂದೆಗೆ ಇನ್ಸುಲಿನ್ ಚುಚ್ಚುವಾಗ ನಾನು ಪಕ್ಕದಲ್ಲಿ ನಿಂತು ಆ ಚುಕ್ಕೆಗಳನ್ನು ಎಣಿಸುತ್ತಿದ್ದೆ. ಯಾರು ಕಚ್ಚಿದ್ದು ಎಂದು ಕೇಳಿದರೆ, "ಒಬ್ಬ ಪೇಶಂಟ್. ಈಗ ನಂತೂರಿನ ಹತ್ತಿರ ಟಯರ್ ಅಂಗಡಿ ಇಟ್ಟಿದ್ದಾನೆ. ಮದುವೆ ಆಗಿ ಎರಡು ಮಕ್ಕಳು. ಗಟ್ಟಿ ಹಲ್ಲು ಅವನದ್ದು," ಎನ್ನುತ್ತಿದ್ದರು. ಕಚ್ಚಿದ ಕಥೆಗಿಂತ ಟಯರ್ ಅಂಗಡಿಯ ಕಥೆಯೇ ಅವರಿಗೆ ಮುಖ್ಯ.

ಕುದ್ರೋಳಿಯಲ್ಲಿ ನಮ್ಮ ಹಗ್ಗ-ಟಾರ್ಪಾಲಿನ ಅಂಗಡಿಯ ಹಿಂದಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ಇಡೀ ಓಣಿ ಅವರನ್ನು ಬಾಯಮ್ಮ ಎನ್ನುತ್ತಿತ್ತು. ನಗರದ ಒಂದು ಆಸ್ಪತ್ರೆಯಲ್ಲಿ, ಅಮಲು ಬಿಡಿಸುವ ವಾರ್ಡಿನಲ್ಲಿ, ಅವರು ಇಪ್ಪತ್ತಾರು ವರ್ಷ ನರ್ಸ್ ಆಗಿದ್ದರು. ಬೇರೆ ಯಾರು ಸೂಜಿ ಹಿಡಿದು ಬಂದರೂ ತಂದೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಾಯಮ್ಮ ಬಂದರೆ ಮಾತಾಡುತ್ತಲೇ ತೋಳು ಮಡಚಿ ಕೊಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಅವರು ನಮ್ಮ ಮನೆಯಲ್ಲಿ ನನ್ನ ತಾಯಿ, ಉಮ್ಮನ ಜೊತೆ ಕುಳಿತು ಟಿವಿಯಲ್ಲಿ ಸಿನಿಮಾ ನೋಡುತ್ತಿದ್ದರು. ಸಿನಿಮಾದ ಹುಚ್ಚು ನನಗೆ ಹಿಡಿದದ್ದು ಅಲ್ಲಿಂದ. ಆಸ್ಪತ್ರೆಯ ದೃಶ್ಯ ಬಂದರೆ ಅವರು ಸುಮ್ಮನಿರುತ್ತಿರಲಿಲ್ಲ. "ಸಲೈನ್ ಬಾಟಲಿ ಖಾಲಿ ಉಂಟು, ಹೀರೋ ಎದ್ದು ಕೂತ ನೋಡಿ," ಎಂದು ಉಮ್ಮನಿಗೆ ತೋರಿಸುತ್ತಿದ್ದರು. ಅಮಲಿನ ದೃಶ್ಯ ಬಂದರಂತೂ ಮುಗಿಯಿತು. ಕೆಂಪು-ನೀಲಿ ದೀಪ, ಹೊಗೆ, ಕುಣಿಯುವ ಹುಡುಗಿಯರು, ಕಣ್ಣು ಕೆಂಪಾದ ನಾಯಕ; ಕೊನೆಗೆ ತಾಯಿ ಬಂದು ಕೆನ್ನೆಗೆ ಒಂದು ಬಿಗಿದರೆ ಎಲ್ಲ ಸರಿ. "ಒಂದು ಪೆಟ್ಟಿಗೆ ಗುಣ ಆಗುವುದಾದರೆ ನಮ್ಮ ವಾರ್ಡಿಗೆ ಒಬ್ಬ ಪೈಲ್ವಾನ ಸಾಕಿತ್ತು, ನಾನು ಎಂತಕ್ಕೆ?"

ಒಮ್ಮೆ, ನಾನು ಕಾಲೇಜಿನಲ್ಲಿದ್ದಾಗ, ನನ್ನನ್ನು ಬಾಬಾ ಎಂದೇ ಕರೆಯುತ್ತಿದ್ದ ಅವರು ಹೇಳಿದ ಮಾತು ತಲೆಯಲ್ಲಿ ಉಳಿಯಿತು. "ಸಿನಿಮಾದಲ್ಲಿ ಎರಡೇ ಜಾತಿ ಬಾಬಾ. ಒಬ್ಬ ಕುಣಿಯುವವನು, ಇನ್ನೊಬ್ಬ ಸಾಯುವವನು. ನಲ್ವತ್ತನೇ ದಿನ ಎದ್ದು ಕೂತು, ಗಂಜಿಗೆ ಉಪ್ಪು ಕಮ್ಮಿ ಆಯ್ತು ಅಂತ ಜಗಳ ಮಾಡುವವನು ಉಂಟಲ್ಲ, ಅವನನ್ನು ಯಾರೂ ತೋರಿಸುವುದಿಲ್ಲ."

ಹತ್ತು ವರ್ಷದ ಮೇಲೆ ಆ ಮನುಷ್ಯನ ಸಿನಿಮಾ ನಾನೇ ಬರೆಯುತ್ತೇನೆ ಎಂದು ಅವರ ಮನೆಗೆ ಹೋದೆ. ಅಷ್ಟರಲ್ಲಿ ನಾನು ನಗೆನಾಟಕಗಳಿಗೆ ಸಂಭಾಷಣೆ ಬರೆದು ಊರಲ್ಲಿ ಸ್ವಲ್ಪ ಹೆಸರು ಮಾಡಿದ್ದೆ. ಒಬ್ಬ ನಿರ್ದೇಶಕರು ನಮ್ಮ ಕರಾವಳಿಯ ಕನ್ನಡದಲ್ಲೇ ಸಿನಿಮಾ ಮಾಡಲು ಹೊರಟಿದ್ದರು. ಬಾಯಮ್ಮ ನಿವೃತ್ತರಾಗಿ, ಪ್ರತಿ ಶನಿವಾರ ಮಧ್ಯಾಹ್ನ ಒಂದು ಶಾಲೆಯ ಹಿಂದಿನ ಕೋಣೆಯಲ್ಲಿ ಕೂಟ ನಡೆಸುತ್ತಿದ್ದರು. ಅಮಲು ಬಿಟ್ಟವರು, ಬಿಡಲು ಹೆಣಗುತ್ತಿರುವವರು, ಅವರ ಮನೆಯವರು ಅಲ್ಲಿಗೆ ಬಂದು ತಮ್ಮ ಪಾಡು ಹೇಳಿಕೊಳ್ಳುತ್ತಿದ್ದರು. ಅಲ್ಲಿ ಹಿಂದೆ ಕುಳಿತು ಕೇಳಲು ಬಿಡಿ ಎಂದು ನಾನು ಬೇಡಿದೆ.

"ಅದು ಟಾಕೀಸ್ ಅಲ್ಲ," ಎಂದರು. ನಾನು ಬಿಡಲಿಲ್ಲ. ಮೂರನೇ ವಾರ ಒಪ್ಪಿದರು. "ಎರಡು ಮಾತು. ಇದನ್ನು ನಗಾಡ್ಲಿಕ್ಕೆ ಬಳಸಬಾರದು. ಅಲ್ಲಿ ಒಬ್ಬರು ಹೇಳಿದ್ದನ್ನು ಹಾಗೆಯೇ ಎತ್ತಿಕೊಂಡು ಹೋಗಬಾರದು. ಕೈ ಕೊಡು." ನಾನು ಕೈ ಕೊಟ್ಟೆ. ಅವರು ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಐದು ತಿಂಗಳು ಪ್ರತಿ ಶನಿವಾರ ಹೋದೆ. ಮೊದಲ ದಿನ ಅವರು ಎಲ್ಲರ ಎದುರು, "ಇವ ನಮ್ಮ ಓಣಿಯ ಹುಡುಗ, ಬರೆಯುವವ. ಇವನ ಎದುರು ಮಾತಾಡಲಿಕ್ಕೆ ಯಾರಿಗಾದರೂ ಕಷ್ಟ ಇದ್ರೆ ಈಗಲೇ ಹೇಳಿ, ಎಬ್ಬಿಸ್ತೇನೆ," ಎಂದರು. ಯಾರೂ ಕಷ್ಟ ಎನ್ನಲಿಲ್ಲ. ಅವರು ನಂಬಿದ್ದು ನನ್ನನ್ನಲ್ಲ, ಬಾಯಮ್ಮನನ್ನು.

ಅಲ್ಲಿಗೆ ಹೊಳೆಯ ಆಚೆಯ ಬೆಂಗ್ರೆಯಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವವನು, ಮೂವತ್ತರ ಆಸುಪಾಸು. ತಾಯಿ ಜೊತೆಗೇ ಬಂದು ಬಾಗಿಲ ಬಳಿ ಕೂರುತ್ತಿದ್ದರು. ಅಮಲು ಬಿಟ್ಟು ಹನ್ನೊಂದು ತಿಂಗಳಾದ ದಿನ ಅವನು ಮೊದಲ ಬಾರಿಗೆ ಬಾಯಿಬಿಟ್ಟ. ತಂಗಿಯ ಮದುವೆಯ ದಿನ ಏನನ್ನೋ ನುಂಗಿ ಹೋಗಿದ್ದನಂತೆ. ಊಟದ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಕುಳಿತು ಅರ್ಧ ಗಂಟೆ ನಕ್ಕನಂತೆ. ಅದನ್ನು ಇಡೀ ಚಪ್ಪರ ನೋಡಿತು. ತಾಯಿ, ಮಗನಿಗೆ ಜ್ವರ ಎಂದು ಸುಳ್ಳು ಹೇಳಿ ಎಬ್ಬಿಸಿಕೊಂಡು ಹೋಗುವಾಗ ಅವರ ಕಿವಿಯಲ್ಲಿ ಕೇಳಿದನಂತೆ: "ಅಮ್ಮಾ, ನನ್ನ ಕೈ ಎಲ್ಲಿ ಉಂಟು?" ಕೈ ಇಲ್ಲವೆಂದೇ ಅವನಿಗೆ ಅನಿಸಿತ್ತು. ತಾಯಿ ಅವನ ಕೈಯನ್ನು ಎತ್ತಿ ಅವನ ಕಣ್ಣೆದುರು ಹಿಡಿದು, "ಇಲ್ಲಿ ಉಂಟು ಮಗಾ," ಎಂದರಂತೆ. "ತಂಗಿ ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ. ಈ ಕೈಯ ಮಾತು ಅಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ," ಎಂದ.

ಆ ರಾತ್ರಿಯೇ ಬರೆದೆ ಎಂದರೆ ಸುಳ್ಳಾಗುತ್ತದೆ. ಎರಡು ತಿಂಗಳು ತಡೆದುಕೊಂಡೆ. ಆಮೇಲೆ ಆ ಮದುವೆಯನ್ನು ಆ ಮಾತಿನ ಸಮೇತ ಚಿತ್ರಕಥೆಯಲ್ಲಿ ಇಟ್ಟೆ. ಗಂಭೀರವಾಗಿ ಬರೆದಿದ್ದೇನಲ್ಲ, ಬಾಯಮ್ಮನಿಗೆ ಬೇಸರವಾಗಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ನಿರ್ದೇಶಕರು ಓದಿ, "ಚೆಂದ ಉಂಟು ಮಾರಾಯ. ಆದ್ರೆ ಇಂಟರ್ವಲ್‌ಗೆ ಮೊದಲು ಜನ ನಗಾಡ್ಲೇಬೇಕು. ಈ ಮದುವೆಯನ್ನು ಕಾಮಿಡಿ ಮಾಡಿ ಕೊಡು. ಸೆಕೆಂಡ್ ಹಾಫ್ ಪೂರ್ತಿ ನಿನ್ನದು, ಒಂದು ಅಕ್ಷರ ಮುಟ್ಟುವುದಿಲ್ಲ," ಎಂದರು.

ನಾನು ಕಾಮಿಡಿ ಮಾಡಿ ಕೊಟ್ಟೆ. ಒಂದೇ ಸಂಜೆಯಲ್ಲಿ. ಕಷ್ಟವೇ ಆಗಲಿಲ್ಲ. ತಾಯಿಯನ್ನು ತೆಗೆದು ಆ ಜಾಗದಲ್ಲಿ ದಪ್ಪ ಮಾವನನ್ನು ಹಾಕಿದೆ. ಅಮಲೇರಿದವನು ಬಿರಿಯಾನಿಯ ಡೇಗ್ಚಿಯಲ್ಲಿ ಕೈ ಹುಡುಕುತ್ತಾ, "ನನ್ನ ಕೈ ಎಲ್ಲಿ ಉಂಟು ಮಾರಾಯ?" ಎಂದು ಸಿಕ್ಕಸಿಕ್ಕವರನ್ನು ಕೇಳುತ್ತಾನೆ. ಬರೆಯುವಾಗ ನಾನೇ ನಕ್ಕೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಸಂಕಲನದಲ್ಲಿ ನನ್ನ ಸೆಕೆಂಡ್ ಹಾಫ್ ಒಂದು ಹಾಡಿನಷ್ಟಾಯಿತು. ಹಾಡಿನ ಕೊನೆಗೆ ತಾಯಿ ಬಂದು ಮಗನ ಕೆನ್ನೆಗೆ ಬಾರಿಸುತ್ತಾಳೆ, ಮಗ ಅಳುತ್ತಾನೆ, ಗುಣವಾಗುತ್ತಾನೆ. ನಾನು ಕೂಗಾಡಿದೆ. ನಿರ್ದೇಶಕರು, "ನೀನೇ ಬರೆದ ಮದುವೆಯ ಮೇಲೆ ಪಿಕ್ಚರ್ ನಿಂತಿದೆ. ಈಗ ಎಂತದ್ದು ನಿನ್ನ ತಕರಾರು?" ಎಂದರು.

ಬಿಡುಗಡೆಗೆ ಮೊದಲು ಬಾಯಮ್ಮನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಒಂದು ತಿಂಗಳು ಅಂಗಡಿಯ ಹಿಂಬಾಗಿಲನ್ನೇ ಬಳಸದೆ ಅವರ ಕಣ್ಣು ತಪ್ಪಿಸಿಕೊಂಡು ತಿರುಗಿದೆ. ಅವರು ಅದನ್ನು ಕೆಲಸದ ಒತ್ತಡ ಎಂದುಕೊಂಡರಂತೆ. ಉಮ್ಮನ ಕೈಯಲ್ಲಿ, "ಊಟ ಬಿಡಬೇಡ ಅಂತ ಹೇಳಿ," ಎಂದು ಹೇಳಿ ಕಳುಹಿಸಿದ್ದರು.

ಮೊದಲ ದಿನದ ಮ್ಯಾಟಿನಿಗೆ ನಾನು ಚಿತ್ರತಂಡದ ಜೊತೆ ಥಿಯೇಟರಿನ ಹಿಂದುಗಡೆ ನಿಂತಿದ್ದೆ. ದೀಪ ಆರುವ ಮೊದಲು ಬಾಯಮ್ಮ ಒಳಗೆ ಬಂದರು. ಹಿಂದೆ ಐವರು ಹೆಂಗಸರು. ಶನಿವಾರದ ತಾಯಂದಿರು. ಬೆಂಗ್ರೆಯ ತಾಯಿಯೂ ಇದ್ದರು. "ನಮ್ಮ ಬಾಬ ಬರೆದದ್ದು, ಇದರಲ್ಲಿ ಕುಣಿತ ಇಲ್ಲ," ಎಂದು ಒಬ್ಬೊಬ್ಬರ ಮನೆಗೂ ಹೋಗಿ ಹೇಳಿ ಕರೆತಂದಿದ್ದರಂತೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ನನ್ನನ್ನು ನೋಡಿ ಕೈ ಎತ್ತಿದರು. ನಾನೂ ಎತ್ತಿದೆ.

ಓಡಿಹೋಗಿ ತಡೆಯಲು ಆಗ ಇಪ್ಪತ್ತು ಹೆಜ್ಜೆ ಸಾಕಿತ್ತು.

ಮದುವೆಯ ದೃಶ್ಯ ಬಂತು. ಥಿಯೇಟರು ಎದ್ದು ನಿಂತಿತು ಎನ್ನಬೇಕು, ಅಷ್ಟು ಶಿಳ್ಳೆ. ಆ ಮಾತು ಎರಡನೇ ಸಲ ಬರುವಾಗ ಜನ ನಟನ ಜೊತೆ ತಾವೂ ಕೂಗಿದರು. ಬಾಯಮ್ಮ ಮತ್ತು ತಾಯಂದಿರು ಕುಳಿತ ಸಾಲು ಮಾತ್ರ ಅಲ್ಲಾಡಲಿಲ್ಲ. ನಂತರ ಒಬ್ಬರು ಎದ್ದರು. ಜನರ ಕಾಲುಗಳನ್ನು ದಾಟಿಕೊಂಡು, ಪರದೆಯ ಬೆಳಕಿಗೆ ಬೆನ್ನು ಮಾಡಿ, ಬಾಗಿಲ ಕಡೆಗೆ ಬಂದರು. ಬೆಂಗ್ರೆಯ ತಾಯಿ. ಹಿಂದೆಯೇ ಬಾಯಮ್ಮ, ಆಮೇಲೆ ಉಳಿದವರು. ನಾನು ಹೊರಗೆ ಓಡಿದೆ.

ಮೆಟ್ಟಿಲ ಬಳಿ ಬಾಯಮ್ಮ ನಿಂತರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಊರಿಗೆ ಹೊಸಬರು ದಾರಿಯಲ್ಲಿ ಸಿಕ್ಕವರನ್ನು ಕೇಳುವ ಹಾಗೆ ಕೇಳಿದರು: "ಇಲ್ಲಿ ಆಟೋ ಎಲ್ಲಿ ಸಿಗ್ತದೆ?"

ನಾನು ರಸ್ತೆಯ ಆಚೆ ಬದಿ ತೋರಿಸಿದೆ. ಅವರು ಹೋದರು.

ಒಂದೇ ವಾರದಲ್ಲಿ ಕೈಯ ಆ ಮಾತು ಊರಿಡೀ ಹರಡಿತು. ಆಟೋಗಳ ಹಿಂದೆ ಸ್ಟಿಕ್ಕರ್, ಮೊಬೈಲುಗಳಲ್ಲಿ ರೀಲ್ಸ್, ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಹುಡುಕುವಾಗಲೂ ಅದೇ ಮಾತು. ಬೆಂಗ್ರೆಯ ದೋಣಿಯಲ್ಲೂ ಅದನ್ನೇ ಹೇಳಿ ನಕ್ಕರಂತೆ. ಚಪ್ಪರದಲ್ಲಿ ನಕ್ಕವನನ್ನು ಊರು ಮರೆತಿರಲಿಲ್ಲ. ಸಿನಿಮಾದ ಮದುವೆಯನ್ನೂ ಅವನನ್ನೂ ಸೇರಿಸಿ ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೆಕ್ಯಾನಿಕ್ ಶನಿವಾರ ಬರುವುದನ್ನು ನಿಲ್ಲಿಸಿದ. ಮೂರನೇ ತಿಂಗಳು ಮತ್ತೆ ಶುರು ಮಾಡಿದ ಎಂದು ಸುದ್ದಿ ಬಂತು. ಕೂಟದಲ್ಲಿ ಹದಿನೆಂಟು ಜನರಿದ್ದದ್ದು ನಾಲ್ಕಾಯಿತು. ಬಾಯಮ್ಮ ತಮ್ಮನ್ನು ಸಿನಿಮಾದವರಿಗೆ ಒಪ್ಪಿಸಿದರು ಎಂದೇ ಬಿಟ್ಟುಹೋದವರ ತೀರ್ಮಾನ.

ಕ್ಷಮೆ ಕೇಳಲು ಹೋದೆ. ಅವರು ಬಾಗಿಲಲ್ಲೇ ನಿಂತು, "ನನ್ನ ಹತ್ತಿರ ಎಂತಕ್ಕೆ ಹೇಳ್ತೀ? ಹೇಳ್ಬೇಕಾದವರು ಹೊಳೆಯ ಆಚೆ ಇದ್ದಾರೆ," ಎಂದರು.

ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಮೆಕ್ಯಾನಿಕ್ ಮನೆಯ ಬದಿಯಲ್ಲಿ ಬಿಚ್ಚಿಟ್ಟ ಎಂಜಿನಿನ ಮುಂದೆ ಕುಳಿತಿದ್ದ. ನಾನು ಹೇಳುವುದನ್ನೆಲ್ಲ ಹೇಳಿದೆ. ತಲೆ ಎತ್ತದೆ ಕೇಳಿದ. ಕೊನೆಗೆ, "ಒಂದು ಹೇಳಿ. ಅದನ್ನು ಹಾಕಬಹುದು ಅಂತ ಬಾಯಮ್ಮ ಹೇಳಿದ್ದಾ?" ಎಂದ.

"ಇಲ್ಲ. ಬೇಡ ಅಂತ ನನ್ನಿಂದ ಮಾತು ತೆಗೊಂಡಿದ್ರು."

"ನೀವು ಹೇಳಿದ್ದನ್ನು ನಾನು ಹೇಗೆ ನಂಬುವುದು?" ಎಂದು ಸ್ಪ್ಯಾನರ್ ಎತ್ತಿಕೊಂಡು ಕೆಲಸ ಮುಂದುವರಿಸಿದ. ಸರಿಯಾದ ಪ್ರಶ್ನೆಯೇ.

ಅದಾದ ಮೇಲೆ ಮೂರು ವರ್ಷ ಬಾಯಮ್ಮ ಬದುಕಿದ್ದರು. ನಮ್ಮ ಮನೆಗೆ ಬರುವುದನ್ನು ನಿಲ್ಲಿಸಲಿಲ್ಲ. ತಂದೆಗೆ ಸೂಜಿ, ಉಮ್ಮನ ಜೊತೆ ಮಾತು, ಎಲ್ಲ ಮೊದಲಿನಂತೆ. ನಾನು ಬಂದರೆ ಕುರ್ಚಿ ಸರಿಸಿ ಜಾಗ ಕೊಡುತ್ತಿದ್ದರು, ಆರೋಗ್ಯ ವಿಚಾರಿಸುತ್ತಿದ್ದರು. ಬಾಬಾ ಎಂದು ಮಾತ್ರ ಕರೆಯಲಿಲ್ಲ. ಟಿವಿಯಲ್ಲಿ ಸಿನಿಮಾ ಹಾಕಿದರೆ ಎದ್ದು ಹೋಗುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರು ಎಲ್ಲಿಗೋ ಹೋಗುತ್ತಾರೆ ಎಂದು ಉಮ್ಮ ಹೇಳುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕಳೆದ ವರ್ಷ ಉಸಿರಾಟದ ತೊಂದರೆಯಿಂದ, ತಾವು ಕೆಲಸ ಮಾಡಿದ ಆಸ್ಪತ್ರೆಯಲ್ಲೇ ತೀರಿಕೊಂಡರು. ಇಗರ್ಜಿಯ ಅಂಗಳದಲ್ಲಿ ಅಷ್ಟು ಜನ ಸೇರುತ್ತಾರೆ ಎಂದು ಯಾರೂ ಎಣಿಸಿರಲಿಲ್ಲ. ಮಣ್ಣು ಕೊಟ್ಟು ಹೊರಬರುವಾಗ ಗೋಡೆಯ ಬದಿಯಲ್ಲಿ ಬೆಂಗ್ರೆಯ ಆ ತಾಯಿ ಮತ್ತು ಮಗ ನಿಂತಿದ್ದರು. ಮಗನ ಮೈ ತುಂಬಿಕೊಂಡಿತ್ತು. ಅವನೇ ನನ್ನ ಹತ್ತಿರ ಬಂದ.

"ಪ್ರತಿ ಭಾನುವಾರ ಬರ್ತಿದ್ರು," ಎಂದ. "ಎಂಟು ತಿಂಗಳು ನಾನು ಬಾಗಿಲು ತೆರೆಯಲಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಹೋಗ್ತಿದ್ರು. ತೆರೆದ ದಿನ ನಾನು ಕೇಳಿದೆ, ನೀವು ಹೇಳಿದ್ದಾ ಅಂತ. 'ಅವನನ್ನು ಒಳಗೆ ಕರ್ಕೊಂಡು ಬಂದದ್ದು ನಾನು. ತಪ್ಪು ನಂದು' ಅಂದ್ರು. ನಿಮ್ಮ ಬಗ್ಗೆ ಒಂದು ಮಾತು ಹೇಳಲಿಲ್ಲ."



"ಈಗ ಶನಿವಾರದ್ದು ನಾನೇ ನೋಡ್ಕೊಳ್ತೇನೆ," ಎಂದ. ಆಮೇಲೆ, "ನೀವು ಬರಬೇಡಿ," ಎಂದ. ಸಿಟ್ಟಿನಿಂದ ಹೇಳಲಿಲ್ಲ. ನಾನು ಆಗಲಿ ಎಂದೆ.

ಈ ಬರಹವನ್ನು ಮುಗಿಸಿದ ಮೇಲೆ ಅಚ್ಚಿಗೆ ಕೊಡುವ ಮೊದಲು ಅವನ ತಾಯಿಗೆ ತಲುಪಿಸಿದೆ. ಬೇಡವೆಂದರೆ ಹರಿದುಹಾಕುತ್ತೇನೆ, ಬೇಕಾದರೆ ಊರು, ಕೆಲಸ ಎಲ್ಲ ಬದಲಿಸುತ್ತೇನೆ ಎಂದು ಚೀಟಿ ಇಟ್ಟಿದ್ದೆ. ಎರಡು ವಾರ ಬಿಟ್ಟು ಹಾಳೆಗಳು ಹಿಂದಿರುಗಿದವು. ಎರಡು ಕಡೆ ಮಗನೇ ಪೆನ್ಸಿಲಿನಿಂದ ಗೀಟು ಎಳೆದು ಹೊಡೆದಿದ್ದ. ಆ ಎರಡು ಭಾಗ ಈಗ ಇದರಲ್ಲಿಲ್ಲ. ಬೆಂಗ್ರೆಯ ಹೆಸರು ಇರಲಿ, ಅಡಗಿಸಲಿಕ್ಕೆ ಇನ್ನು ಎಂತ ಉಂಟು ಎಂದು ಬದಿಯಲ್ಲಿ ಬರೆದಿದ್ದ. ಕೊನೆಯ ಹಾಳೆಯ ಕೆಳಗೆ ಇನ್ನೆರಡು ಸಾಲು: "ಬಾಯಮ್ಮ ತುಂಬಾ ನಗಾಡುತ್ತಿದ್ದರು. ಅದು ಇದರಲ್ಲಿ ಇಲ್ಲ."

ಹೌದು, ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಉಮ್ಮನ ಭುಜದ ಮೇಲೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ. ಕೊನೆಯ ಮೂರು ವರ್ಷ ಅವರು ನನ್ನೆದುರು ಒಮ್ಮೆಯೂ ನಕ್ಕಿರಲಿಲ್ಲ. ಬರೆಯಲು ಕುಳಿತಾಗ ಮೊದಲಿನ ಆ ನಗು ನನಗೆ ನೆನಪೇ ಆಗಲಿಲ್ಲ.