ಜೋಗೇಶ್ವರಿಯಿಂದ ಗ್ರಾಂಟ್ ರೋಡಿಗೆ, ಒಂದು ಸಹಿಗಾಗಿ

ಬೆಳಿಗ್ಗೆ ಏಳು ಗಂಟೆಗೆ ಹತ್ತು ನಿಮಿಷವಿರುವಾಗ ಜೋಗೇಶ್ವರಿ ಸ್ಟೇಷನ್ನಿಗೆ ಬಂದೆ. ಗ್ರಾಂಟ್ ರೋಡಿಗೆ ಹೋಗಿ ಬರುವ ಟಿಕೆಟ್ ಇಪ್ಪತ್ತು ರೂಪಾಯಿ. ಸ್ಲೋ ಲೋಕಲ್‌ನಲ್ಲಿ ಮುಕ್ಕಾಲು ತಾಸಿನ ದಾರಿ. ದೂರವೆಂದರೆ ಧಾರವಾಡದಿಂದ ಹುಬ್ಬಳ್ಳಿಗೆ ಹೋದಷ್ಟೇ. ಊರಲ್ಲಾಗಿದ್ದರೆ ಇಷ್ಟು ದೂರಕ್ಕೂ ಅವ್ವ ಬುತ್ತಿ ಕಟ್ಟಿ, ಮುಟ್ಟಿದೆಯೋ ಇಲ್ಲವೋ ಎಂದು ನಾಲ್ಕು ಸಲ ಫೋನು ಮಾಡುತ್ತಿದ್ದಳು. ಇಲ್ಲಿ ನಾನು ಎದ್ದದ್ದು, ಹೊರಟದ್ದು ನನ್ನ ಜೊತೆ ಅದೇ ಕೋಣೆಯಲ್ಲಿ ಮಲಗುವ ನಾಲ್ಕು ಹುಡುಗಿಯರಿಗೂ ಗೊತ್ತಾಗಲಿಲ್ಲ.

ಹೆಗಲಿಗೆ ಚೀಲ, ಕೈಯಲ್ಲಿ ಸುರುಳಿ ಸುತ್ತಿದ ಚಾರ್ಟ್. ಲೇಡೀಸ್ ಡಬ್ಬಿಯಲ್ಲಿ ಆ ಹೊತ್ತಿಗೆ ಚಾರ್ಟ್ ಹಿಡಿದು ಹತ್ತುವವಳು ಒಂದೋ ಹುಚ್ಚಿ, ಇಲ್ಲವೇ ಬಿ.ಎಡ್. ವಿದ್ಯಾರ್ಥಿನಿ. ಅಂಧೇರಿಯಲ್ಲಿ ನುಗ್ಗಿದ ಗುಂಪಿನಲ್ಲಿ ಸುರುಳಿಯ ತುದಿ ಯಾರದೋ ಕೂದಲಿಗೆ ಸಿಕ್ಕಿಕೊಂಡಿತು. ಆಕೆ ನನ್ನನ್ನು ನುಂಗುವ ಹಾಗೆ ನೋಡಿದಳು. ದಾದರ್ ಬರುವವರೆಗೂ ಅದನ್ನು ತಲೆಯ ಮೇಲೆ ಎತ್ತಿ ಹಿಡಿದೇ ನಿಂತೆ. ಮಾರ್ಚ್ ತಿಂಗಳು. ಏಳೂವರೆಗೇ ಬೆನ್ನು ಒದ್ದೆಯಾಗಿತ್ತು.

ಈ ಪ್ರಯಾಣ ಯಾಕೆ ಬೇಕಾಯಿತೆಂದು ಹೇಳಬೇಕು. ಅಣ್ಣನಿಗೆ ಮುಂಬಯಿಯಲ್ಲಿ ಕೆಲಸವಿತ್ತೆಂದು ನಾನೂ ಇಲ್ಲಿಯೇ ಬಿ.ಎಡ್. ಸೀಟು ತೆಗೆದುಕೊಂಡೆ. ಆರು ತಿಂಗಳಿಗೆ ಅವನಿಗೆ ಸೂರತ್ತಿಗೆ ವರ್ಗವಾಯಿತು. ನಾನು ಜೋಗೇಶ್ವರಿಯ ಪೇಯಿಂಗ್ ಗೆಸ್ಟ್ ಕೋಣೆಯಲ್ಲಿ ಒಂದು ಮಂಚದ ಒಡತಿಯಾದೆ. ಇಡೀ ಕಾಲೇಜಿನಲ್ಲಿ ಕನ್ನಡ ಬೋಧನೆ ಆರಿಸಿಕೊಂಡವಳು ನಾನೊಬ್ಬಳೇ. ಹತ್ತಿರದ ಬಸ್ತಿಯಿಂದ ಕಾಲೇಜಿಗೆ ಕರೆಸಿದ ಕನ್ನಡದ ಮಕ್ಕಳಿಗೆ ಅಭ್ಯಾಸ ಪಾಠ ಮಾಡುವಾಗ ಸಹಪಾಠಿಗಳು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ವೀಕ್ಷಣಾ ಪುಸ್ತಕದಲ್ಲಿ ತಪ್ಪು ಒಪ್ಪು ಬರೆಯಬೇಕೆಂಬುದು ನಿಯಮ. ನನ್ನ ಸಹಪಾಠಿಗಳಿಗೆ ಕನ್ನಡ ಒಂದಕ್ಷರ ಬಾರದು. ಹದಿನೆಂಟು ಪಾಠಗಳಿಗೂ 'ದನಿ ಚೆನ್ನಾಗಿದೆ' ಎಂದೇ ಬರೆದರು. ಒಬ್ಬಳು ಗುಜರಾತಿ ಗೆಳತಿ ಮಾತ್ರ ಸ್ವಲ್ಪ ತಲೆ ಓಡಿಸಿ 'ಬೋರ್ಡಿನ ಮೇಲಿನ ಅಕ್ಷರಗಳು ಜಿಲೇಬಿಯಷ್ಟು ಚೆಂದ' ಎಂದು ಹಿಂದಿಯಲ್ಲಿ ಬರೆದಿದ್ದಳು. ಓದಿ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

ಯಾಕೆಂದರೆ ನನ್ನ ಪಾಠದಲ್ಲಿ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಿತ್ತು. ನಾನು ಬಾಯಿ ತೆರೆದ ಹತ್ತು ನಿಮಿಷಕ್ಕೆ ಮಕ್ಕಳು ಮಂಕಾಗುತ್ತಿದ್ದರು. ಯಾಕೆಂದು ಹೇಳುವವರು ಯಾರೂ ಇರಲಿಲ್ಲ. ಈ ಪ್ರಯಾಣದ ಮರುದಿನವೇ ಪರೀಕ್ಷೆಯ ಪಾಠ, ಹೊರಗಿನಿಂದ ಕನ್ನಡ ಬಲ್ಲ ಪರೀಕ್ಷಕರು ಬರುವವರಿದ್ದರು. ಕಾಲೇಜಿನ ನಮ್ಮ ಮೇಡಂ ನನ್ನ ಪುಸ್ತಕ ತಿರುವಿ ನೋಡಿ, ಕನ್ನಡ ಗೊತ್ತಿರುವ ಒಬ್ಬರಾದರೂ ನೋಡಿ ಸಹಿ ಹಾಕದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಗ್ರಾಂಟ್ ರೋಡಿನ ಹತ್ತಿರ ಒಂದು ಕನ್ನಡ ಶಾಲೆಯ ಹೆಡ್‌ಮಿಸ್ ಬಾ ಎಂದಿದ್ದರು. ಸಹಿ ಬೇಕಾಗಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಯಾರಾದರೂ ನನ್ನ ತಪ್ಪು ಹೇಳಲಿ ಎಂದು ಹೊರಟಿದ್ದೆ.

ಗ್ರಾಂಟ್ ರೋಡಿನಲ್ಲಿ ಇಳಿದಾಗ ಎಂಟಾಗಿರಲಿಲ್ಲ. ಸ್ಟೇಷನ್ನಿನ ಹೊರಗೆ ಉಡುಪಿ ಹೋಟೆಲೊಂದರ ಬೋರ್ಡಿನ ಮೂಲೆಯಲ್ಲಿ ಕನ್ನಡ ಕಂಡು ಕಾಲು ತಾನೇ ಒಳಗೆ ಹೋಯಿತು. "ಒಂದು ಪ್ಲೇಟ್ ಇಡ್ಲಿ ವಡಾ ಕೊಡಿ" ಎಂದೆ. ಮಾಣಿ "ಕ್ಯಾ?" ಎಂದ. ಅವನು ಬಿಹಾರದವನಂತೆ. ಗಲ್ಲೆಯಲ್ಲಿ ಕೂತವರಾದರೂ ಮಾತಾಡಿಯಾರೆಂದು ದುಡ್ಡು ಕೊಡುವಾಗ "ಸಾಂಬಾರ್ ಚೆನ್ನಾಗಿತ್ತು" ಎಂದೆ. ಅವರು ಫೋನಿನಿಂದ ಕಣ್ಣು ಎತ್ತದೆ "ಛುಟ್ಟಾ ದೇನಾ" ಎಂದು ಚಿಲ್ಲರೆ ಕೇಳಿದರು. ಅರವತ್ತು ರೂಪಾಯಿ. ಸಾಂಬಾರ್ ನಿಜವಾಗಿಯೂ ಚೆನ್ನಾಗಿತ್ತು.

ಶಾಲೆ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಹೆಡ್‌ಮಿಸ್ ಉಡುಪಿ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ನನ್ನನ್ನು ಕೂರಿಸಿ ಚಹಾ ತರಿಸಿದರು. ನಾನು ಪುಸ್ತಕ ಮುಂದಿಟ್ಟಿದ್ದೇ ತಡ, ಪೆನ್ನು ತೆಗೆದು 'ಅತ್ಯುತ್ತಮ ಪಾಠ' ಎಂದು ಬರೆದು ಸಹಿ ಹಾಕಿ ಮೊಹರು ಒತ್ತಿಬಿಟ್ಟರು.

"ಮೇಡಂ, ನಾನಿನ್ನೂ ಪಾಠ ಮಾಡಿಲ್ಲ" ಎಂದೆ.

"ಎಂಥ ಮಾರಾಯ್ತಿ, ನಾನು ಕೂತು ನೋಡಿ ಎಂಥ ಮಾಡ್ಲಿಕ್ಕುಂಟು? ನೀನು ಚಂದವೇ ಮಾಡ್ತಿ. ನನಗೆ ವಾರ್ಡ್ ಆಫೀಸಿಗೆ ರಿಪೋರ್ಟ್ ಕಳಿಸ್ಲಿಕ್ಕುಂಟು. ನಾಲ್ಕನೇ ಕ್ಲಾಸಿಗೆ ಹೋಗು, ಏಳು ಮಕ್ಕಳಿದ್ದಾರೆ."

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ. ಕೈಮುಗಿದು ಎದ್ದು ಬಂದೆ. ಬಂದ ಕೆಲಸ ಆಗಿತ್ತು, ಆದರೂ ಏನೂ ಆಗಿರಲಿಲ್ಲ.

ನಾಲ್ಕನೇ ತರಗತಿಯಲ್ಲಿ ಚಾರ್ಟ್ ತೂಗುಹಾಕಿದೆ. ಹೆಂಚಿನ ಮನೆ, ಅಂಗಳ, ಕಟ್ಟೆ, ಪೇರಲ ಗಿಡ, ಬಾಗಿಲಲ್ಲಿ ಕೂತ ಅಜ್ಜಿ. ಧಾರವಾಡದ ನಮ್ಮ ಮನೆಯನ್ನೇ ಎರಡು ರಾತ್ರಿ ಕೂತು ಬರೆದಿದ್ದೆ. ಪಾಠದ ವಿಷಯ 'ನಮ್ಮ ಮನೆ'. "ಮಕ್ಕಳೇ, ನಿಮ್ಮ ಮನೆ ಹೇಗಿದೆ?" ಎಂದು ಕೇಳಿದೆ. ಕೇಳಿದವಳೇ ಅಂಗಳ ಅಂದರೇನು, ಕಟ್ಟೆಯ ಮೇಲೆ ಯಾರು ಕೂಡುತ್ತಾರೆ, ಪೇರಲ ಹಣ್ಣು ಯಾವಾಗ ಬರುತ್ತದೆ ಎಂದು ಹೇಳುತ್ತಾ ಹೋದೆ. "ಅಲ್ಲವೇ?" ಎಂದಾಗಲೆಲ್ಲ ಏಳೂ ಮಕ್ಕಳು "ಹೌದು ಟೀಚರ್" ಎಂದರು. ಮೂವತ್ತೈದು ನಿಮಿಷ ಮುಗಿಯಿತು. ಬಾಗಿಲ ಹೊರಗೆ ಹಳದಿ ಸೀರೆಯ ಒಬ್ಬ ಹೆಂಗಸು ಗೋಡೆಗೆ ಒರಗಿ ಮೊದಲಿನಿಂದ ಕೊನೆಯವರೆಗೂ ಕೇಳುತ್ತಿದ್ದಳು.

ಆಕೆಯ ಹೆಸರು ಶಾಂತವ್ವ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಗಂಡ ಹೆಂಡತಿ ಹತ್ತಿರದಲ್ಲೇ ಹಳೆಯ ಚಾಳ್ ಒಡೆದು ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲಿ ಕೆಲಸಕ್ಕಿದ್ದರು. ಅಲ್ಲಿಯ ಕೆಲಸ ಮುಗಿದು ಈಗ ಗೋರೆಗಾಂವ್‌ಗೆ ಹೋಗಿದ್ದರು. ಮಗಳು ರೇಣುಕಾ ಆ ಏಳು ಮಕ್ಕಳಲ್ಲಿ ಒಬ್ಬಳು. ಅಂದು ಅವಳ ಕೊನೆಯ ದಿನ. ಲೀವಿಂಗ್ ಸರ್ಟಿಫಿಕೇಟ್ ಒಯ್ಯಲು ತಾಯಿ ಬಂದಿದ್ದಳು. ಒಂದೇ ಲೈನಿನ ದಾರಿಯೆಂದು ಶಾಲೆ ಬಿಟ್ಟ ಮೇಲೆ ಮೂವರೂ ಕೂಡಿ ಸ್ಟೇಷನ್ನಿಗೆ ನಡೆದೆವು.

ಮಧ್ಯಾಹ್ನ ಒಂದರ ಬೋರಿವಲಿ ಸ್ಲೋ ಖಾಲಿ ಇತ್ತು. ಕಿಟಕಿಯ ಹತ್ತಿರ ಎದುರುಬದುರು ಕೂತೆವು. ಮುಂಬಯಿ ಸೆಂಟ್ರಲ್ ದಾಟಿದ ಮೇಲೆ ಶಾಂತವ್ವ ಸೆರಗು ಸರಿ ಮಾಡಿಕೊಂಡಳು.

"ಟೀಚರ್, ಒಂದ ಮಾತ ಹೇಳಲೇನ್ರಿ? ಸಿಟ್ಟಾಗಬ್ಯಾಡ್ರಿ ಮತ್ತ."

"ಹೇಳ್ರಿ."

"ನೀವ ಕೇಳತೀರಿ, ನೀವ ಹೇಳತೀರಿ. ಹುಡುಗ್ರು ಬಾಯಿ ತಗ್ಯಾಕ ಜಾಗಾ ಎಲ್ಲೈತ್ರಿ?"

ಮೈ ಉರಿಯಿತು. ತಪ್ಪು ಹೇಳುವವರು ಸಿಗಲಿ ಎಂದು ಊರೆಲ್ಲ ತಿರುಗಿದವಳು ನಾನೇ, ಸಿಕ್ಕಾಗ ಉರಿದುಕೊಂಡವಳೂ ನಾನೇ. ಸಮಯ ಕಡಿಮೆ, ಯೋಜನೆಯ ಪ್ರಕಾರ ಮುಗಿಸಬೇಕು ಎಂದು ಏನೇನೋ ಹೇಳತೊಡಗಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ನಿಮಗ ಇಲ್ಲಿ ಮಾತಾಡಾಕ ಯಾರೂ ಇಲ್ಲೇನ್ರಿ?"

ಲೋವರ್ ಪರೇಲ್ ಹೋಯಿತು, ಪ್ರಭಾದೇವಿ ಹೋಯಿತು. ವಾರವಿಡೀ ನಾನು ಕನ್ನಡ ಮಾತಾಡುವುದು ಪಾಠದ ಮೂವತ್ತೈದು ನಿಮಿಷದಲ್ಲಿ ಮಾತ್ರ. ಅವ್ವನ ಫೋನಿನಲ್ಲಿ ಊಟ ಆಯಿತು, ಆರಾಮಿದ್ದೀನಿ, ಅಷ್ಟೇ. ಬ್ಲಾಕ್‌ಬೋರ್ಡಿನ ಮುಂದೆ ನಿಂತರೆ ಮಾತು ಕಟ್ಟೆಯೊಡೆದು ಬರುತ್ತಿತ್ತು. ನಾನು ಪಾಠ ಮಾಡುತ್ತಿರಲಿಲ್ಲ, ಮಕ್ಕಳನ್ನು ಕೂರಿಸಿಕೊಂಡು ನನ್ನ ಬೇಸರ ಕಳೆದುಕೊಳ್ಳುತ್ತಿದ್ದೆ. ಇದನ್ನು ಹದಿನೆಂಟು ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಕನ್ನಡ ಬಾರದವರು ಹೇಗೆ ತಾನೇ ಹೇಳಿಯಾರು?

"ಖರೇ ಐತ್ರಿ ಅಕ್ಕಾರ. ಯಾರೂ ಇಲ್ಲ" ಎಂದೆ.

ವೀಕ್ಷಣಾ ಪುಸ್ತಕ ತೆಗೆದು ಹೆಡ್‌ಮಿಸ್ಸರ ಮೊಹರಿನ ಕೆಳಗೆ ಶಾಂತವ್ವನ ಮಾತನ್ನು ಹೇಳಿದ ಹಾಗೇ ಬರೆದು, ಹೆಸರನ್ನೂ ಹಾಕಿದೆ. ಶಾಂತವ್ವ ಬಗ್ಗಿ ನೋಡಿ, "ನನ್ನ ಹೆಸರ್ಯಾಕ್ರಿ ಅದರಾಗ" ಎಂದು ನಾಚಿದಳು. ಅಳಿಸಬೇಡಿ ಎಂದೂ ಹೇಳಿದಳು. ಮರುದಿನ ಚಾರ್ಟನ್ನು ತಿರುವಿ ಖಾಲಿ ಬದಿಯನ್ನು ತೂಗುಹಾಕುವುದು, ಮಕ್ಕಳು ಹೇಳಿದ ಮನೆಯನ್ನೇ ಅದರ ಮೇಲೆ ಬರೆಯುವುದು ಎಂದು ನಿರ್ಧರಿಸಿದೆ. ಯಾರೂ ಮಾತಾಡದಿದ್ದರೆ ಪರೀಕ್ಷಕರ ಎದುರು ಅದು ಖಾಲಿಯೇ ಉಳಿಯುತ್ತದೆ, ನಾನು ಫೇಲಾಗುತ್ತೇನೆ. ಹೆದರಿಕೆಯಾಯಿತು.

ಬಾಂದ್ರಾ ಬಿಟ್ಟಾಗ ರೇಣುಕಾಳ ಕಡೆ ತಿರುಗಿದೆ. "ರೇಣುಕಾ, ನಿಮ್ಮ ಮನಿ ಹೆಂಗೈತಿ?"

ಕೇಳಿ ಬಾಯಿ ಮುಚ್ಚಿದೆ. ಅವಳು ಕಿಟಕಿಯ ಹೊರಗೆ ನೋಡಿದಳು. ಖಾರ್ ಬಂತು. ನಾಲಿಗೆ ತುದಿಗೆ ನಾಲ್ಕು ಉತ್ತರ ಬಂದು ನಿಂತಿದ್ದವು, ನುಂಗಿದೆ. ಸಾಂತಾಕ್ರೂಜ್. ವಿಲೇಪಾರ್ಲೆ. ಇಷ್ಟು ಹೊತ್ತು ಸುಮ್ಮನೆ ಕೂಡುವುದು ಎಂಥ ಕಷ್ಟವೆಂದು ಕೂತವರಿಗೇ ಗೊತ್ತು. ಅಂಧೇರಿಯಲ್ಲಿ ಗಾಡಿ ನಿಂತಾಗ ಅವಳು ಶುರು ಮಾಡಿದಳು.

"ನಮ್ಮ ಮನಿ ತಗಡಿನ ಪತ್ರಾದ್ದ ಟೀಚರ್. ಬಿಲ್ಡಿಂಗ್ ಮುಗಿಯೂತನಾ ಇರತೈತಿ. ಮುಗದ ಮ್ಯಾಲ ಬಿಚ್ಚಿ ಲಾರಿಯಾಗ ಹಾಕತಾರ. ಹೊಸಾ ಸೈಟಿನ್ಯಾಗ ಮತ್ತ ಹಚ್ಚತಾರ. ಒಂದ ಪತ್ರಾದ ಮ್ಯಾಲ ನಾ ನನ್ನ ಹೆಸರ ಬರದಿದ್ದೆ. ಅದು ಈ ಸಲ ಯಾರ ಮನಿಗಿ ಹೋಗೇತೋ ಏನೋ. ಹುಡಕಾಕತ್ತೀನಿ, ಇನ್ನೂ ಸಿಕ್ಕಿಲ್ಲ."

ಜೋಗೇಶ್ವರಿ ಬಂತು. ನಾನು ಇಳಿಯಲಿಲ್ಲ. ಮುಂದಿನ ದಾರಿಗೆ ನನ್ನ ಹತ್ತಿರ ಟಿಕೆಟ್ ಇರಲಿಲ್ಲ, ಚೆಕರ್ ಬಂದರೆ ಬರಲಿ ಎಂದುಕೊಂಡೆ. ಅವಳು ನೀರಿನ ಟ್ಯಾಂಕರಿನ ಬಗ್ಗೆ, ಹನ್ನೊಂದನೇ ಮಹಡಿಯಿಂದ ಕಾಣುವ ಸಮುದ್ರದ ಬಗ್ಗೆ, ಅಲ್ಲಿ ಹತ್ತಿದ್ದಕ್ಕೆ ಅಪ್ಪ ಹೊಡೆದದ್ದರ ಬಗ್ಗೆ ಹೇಳಿದಳು. ನಡುವೆ ಹಿಂದಿ ಬಂತು, ಬರಲಿ ಎಂದು ಬಿಟ್ಟೆ. ರಾಮ್ ಮಂದಿರ್ ಸ್ಟೇಷನ್ ದಾಟಿ ಗೋರೆಗಾಂವ್ ಬಂದಾಗ ಮೂವರೂ ಇಳಿದೆವು.

ಪ್ಲಾಟ್‌ಫಾರ್ಮಿನ ಮೇಲೆ ಬಿಸಿಲು ಕುದಿಯುತ್ತಿತ್ತು. ಶಾಂತವ್ವ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾಳಿನ ಪರೀಕ್ಷಾ ಚಲೋ ಮಾಡ್ರಿ" ಎಂದಳು. ರೇಣುಕಾ ಹೊರಡಲಿಲ್ಲ.

"ಟೀಚರ್, ಚಾರ್ಟಿನ್ಯಾಗಿಂದು ನಿಮ್ಮ ಮನಿ?"

"ಅದು ಊರಾಗಿಂದವ್ವ. ಇಲ್ಲಿ ನನಗ ಒಂದ ಮಂಚ ಅಷ್ಟ ಐತಿ. ಒಂದ ಖೋಲ್ಯಾಗ ಐದು ಮಂದಿ ಇರತೀವಿ. ಅವರಿಗೆ ನನ್ನ ಮಾತು ಬರಂಗಿಲ್ಲ. ನಾ ಒಬ್ಬಾಕೀನ ಇದ್ದಂಗ ಆಗತೈತಿ."

ಮಗುವಿನ ಮುಂದೆ ಹೀಗೆ ಹೇಳಬಾರದಿತ್ತೇನೋ. ಅವಳಿಗೆ ಅದು ಏನೂ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದಳು.

"ನಾಳಿಂದ ನಾ ಹಿಂದಿ ಸಾಲಿಗಿ ಹೊಂಟೀನಿ. ಅಲ್ಲಿ ನನಗೂ ಯಾರೂ ಗೊತ್ತಿಲ್ಲ. ನೀವ ಬರತೀರೇನು?"

ತಾಯಿ ನಕ್ಕು ಕೈ ಹಿಡಿದು ಎಳೆದುಕೊಂಡು ಹೋದಳು. ಇಬ್ಬರೂ ಬ್ರಿಜ್ಜಿನ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ಹೋಗಿ ರೇಣುಕಾ ಕೈ ಬಿಡಿಸಿಕೊಂಡು ನಿಂತಳು. ಹಿಂದಿನವರು ಬೈಯುತ್ತಾ ಅವಳನ್ನು ದಾಟಿ ಹೋಗುತ್ತಿದ್ದರು. ಅವಳು ನನ್ನ ಕಡೆ ನೋಡುತ್ತಾ, ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದಳು.